ಕಕ್ಕಡದ ಮಳೆಯಲ್ಲಿ ಎಂಬತ್ತರ ದಶಕದ ಒಂದು ಸಿನಿಮಾ: ಯಾವುದು ಹಾಕೋಣ?

ಶ್ರೀಮಂಗಲ ರೈಟರ್

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಮೊದಲ ಶನಿವಾರ ಸಂಜೆ, ನಮ್ಮ ಕೊಡಗಿನ ಜೋರು ಮಳೆಯ ಕಕ್ಕಡ ತಿಂಗಳಲ್ಲಿ, ನಮ್ಮ ಊರಿನ ಹಾಲ್‌ನಲ್ಲಿ ಒಂದು ಹಳೆ ಸಿನಿಮಾ ಹಾಕುವುದು ಅಂತ ತೀರ್ಮಾನ ಆಗಿದೆ. ಪ್ರೊಜೆಕ್ಟರ್ ಸಿಕ್ಕಿದೆ. ಜನರೇಟರ್ ನಾನು ಕೆಲಸ ಮಾಡುವ ತೋಟದಿಂದ ತರುತ್ತೇನೆ, ಕರೆಂಟಿನ ಕಥೆ ಈ ತಿಂಗಳಲ್ಲಿ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಎರಡು ಬಿಳಿ ಪಂಚೆ ಜೋಡಿಸಿ ಹೊಲಿಸಿ ಪರದೆ ಮಾಡಿದ್ದೇವೆ. ಎಂಬತ್ತರ ದಶಕದ್ದೇ ಇರಲಿ ಅಂತ ಎಲ್ಲರೂ ಒಪ್ಪಿದರು. ಯಾವುದು ಅನ್ನುವಲ್ಲಿಗೆ ಬಂದಾಗ ಜಗಳ ಶುರುವಾಯಿತು.

ನನ್ನ ಓಟು 'ತಬರನ ಕಥೆ'ಗೆ. ಹುಡುಗರು ಹೇಳುತ್ತಾರೆ, ಅವಾರ್ಡ್ ಪಿಕ್ಚರ್ ಹಾಕಿದರೆ ಅರ್ಧ ಗಂಟೆಯಲ್ಲಿ ಹಾಲ್ ಖಾಲಿ ಅಂತ. ಹೋದ ತಿಂಗಳು ನಾನು 'ತಬರನ ಕಥೆ', 'ಆಕ್ಸಿಡೆಂಟ್', 'ಮಾನಸ ಸರೋವರ', 'ಫಣಿಯಮ್ಮ' ನಾಲ್ಕನ್ನೂ ಮತ್ತೆ ಕೂತು ನೋಡಿದೆ. ನನಗೆ ಒಂದರಲ್ಲೂ ನಿದ್ದೆ ಬರಲಿಲ್ಲ. ಆದರೆ ನನಗೀಗ ಐವತ್ತೆಂಟು ವರ್ಷ. ಆ ಸಿನಿಮಾ ನೋಡುವಾಗ ನನ್ನ ಹಳೆ ದಿನವೂ ಜೊತೆಗೇ ಬಂದು ಕೂರುತ್ತದೆ. ಅದಕ್ಕೇ ಕೇಳುತ್ತಿದ್ದೇನೆ. ಇವು ಈಗಲೂ ಒಳ್ಳೆಯ ಸಿನಿಮಾಗಳಾ, ಇಲ್ಲ ಪ್ರಶಸ್ತಿ ಬಂದಿತ್ತು ಅಂತ ನಾವು ಹಾಗೆ ಹೇಳಿಕೊಂಡು ಬರುತ್ತಿದ್ದೇವಾ?

ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳಿಂದ ಹಿಡಿದು ಎಂಬತ್ತು ದಾಟಿದ ಅಜ್ಜಿಯವರೆಗೆ ಎಲ್ಲರೂ ಬರುತ್ತಾರೆ. ಅದನ್ನೂ ನೆನಪಿಟ್ಟುಕೊಂಡು ಹೇಳಿ.

ಶನಿವಾರಸಂತೆ ಶಂಕರ್ ಅಭಿಮಾನಿ

ಇದರಲ್ಲಿ ಯೋಚನೆ ಮಾಡುವುದಕ್ಕೆ ಏನಿದೆ ಅಣ್ಣ? 'ಆಕ್ಸಿಡೆಂಟ್' ಹಾಕಿ. 1985ರಲ್ಲಿ ಒಂದೇ ಒಂದು ಹಾಡಿಲ್ಲದೆ ಕನ್ನಡ ಸಿನಿಮಾ ಮಾಡಲು ಎಷ್ಟು ಧೈರ್ಯ ಬೇಕಿತ್ತು! ಇಳಯರಾಜ ಇದ್ದರು, ಹಾಡು ಕೇಳಿದ್ದರೆ ಹತ್ತು ಕೊಡುತ್ತಿದ್ದರು. ಶಂಕರ್ ನಾಗ್ ಕೇಳಲಿಲ್ಲ, ಹಿನ್ನೆಲೆ ಸಂಗೀತ ಮಾತ್ರ ತೆಗೆದುಕೊಂಡರು. ದುಡ್ಡಿದ್ದವರ ಮಗ ಫುಟ್‌ಪಾತ್ ಮೇಲೆ ಮಲಗಿದವರ ಮೇಲೆ ಕಾರು ಹತ್ತಿಸುತ್ತಾನೆ, ಅಪ್ಪ ರಾಜಕಾರಣಿ, ಕೇಸು ಮುಚ್ಚುತ್ತಾರೆ. ಇವತ್ತಿನ ಪೇಪರ್ ತೆಗೆದರೆ ಇದೇ ಸುದ್ದಿ ಇರುತ್ತದೆ. ಹಳೇ ಸಿನಿಮಾ ಅಂತ ಯಾರು ಹೇಳುತ್ತಾರೆ?

ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂದಿದೆ.

ವಿರಾಜಪೇಟೆ ಮೇಷ್ಟ್ರು

ಒಂದು ಸಣ್ಣ ತಿದ್ದುಪಡಿ. 'ಆಕ್ಸಿಡೆಂಟ್'ಗೆ ಬಂದದ್ದು ಸಾಮಾಜಿಕ ಸಮಸ್ಯೆ ಕುರಿತ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ. ಕನ್ನಡದ ಅತ್ಯುತ್ತಮ ಚಿತ್ರದ್ದಲ್ಲ, ಅದೇ ಬೇರೆ. 'ತಬರನ ಕಥೆ'ಗೆ ಬಂದದ್ದು ಇವೆರಡಕ್ಕಿಂತ ದೊಡ್ಡದು, ಇಡೀ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ. ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಅದರಲ್ಲೇ ಬಂತು.

ಶನಿವಾರಸಂತೆ ಶಂಕರ್ ಅಭಿಮಾನಿ

ಸರಿ ಮೇಷ್ಟ್ರೇ, ತಿದ್ದಿಕೊಂಡೆ. ಓಟು ಮಾತ್ರ ಅದಕ್ಕೇ.

ಕುಶಾಲನಗರ 97

ನಾನು ಹುಟ್ಟಿದ್ದೇ 97ರಲ್ಲಿ, ಹಾಗಾಗಿ ಹಳೆ ನೆನಪಿನ ಭಾರ ಇಲ್ಲದೆ ಹೇಳುತ್ತೇನೆ. 'ಆಕ್ಸಿಡೆಂಟ್' ಚೆನ್ನಾಗಿದೆ. ಅದರಲ್ಲಿ ಅನಂತ್ ನಾಗ್ ಕೂಗಾಡುವುದೇ ಇಲ್ಲ. ಮಗನ ಮೇಲೆ ಪ್ರೀತಿ, ಕುರ್ಚಿಯ ಮೇಲೆ ಆಸೆ, ಎರಡನ್ನೂ ಮುಖದಲ್ಲೇ ಇಟ್ಟುಕೊಂಡು ಓಡಾಡುತ್ತಾರೆ. ಹೀರೋ ಅಂತ ಹೆಸರಿದ್ದ ಕಾಲದಲ್ಲಿ ಅಂಥ ಪಾತ್ರ ಒಪ್ಪಿಕೊಂಡದ್ದೇ ದೊಡ್ಡದು.

'ತಬರನ ಕಥೆ' ಮಾತ್ರ ನನಗೆ ಹಿಡಿಸಲಿಲ್ಲ. ತಬರನಿಗೆ ಒಂದರ ಮೇಲೊಂದು ಕಷ್ಟ ಬರುತ್ತಲೇ ಇರುತ್ತದೆ. ಪಿಂಚಣಿ ಬರಲ್ಲ, ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತದೆ. ಅವನು ಒಂದು ಸಲವಾದರೂ ತಿರುಗಿ ಬೀಳುತ್ತಾನಾ ಅಂತ ಕಾಯುತ್ತಾ ಕೂತೆ. ಬೀಳುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ನೋಡುವವನನ್ನು ಅಳಿಸಬೇಕು ಅಂತಲೇ ಕಷ್ಟವನ್ನು ಪೇರಿಸಿದ ಹಾಗೆ ಕಾಣಿಸಿತು. ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಹುದಿಕೇರಿ ಅಕ್ಕ

ಬೇಜಾರಿಲ್ಲ ತಮ್ಮ, ಆದರೆ ನಿನ್ನ ಮಾತು ಒಪ್ಪುವುದಕ್ಕೆ ಆಗುವುದಿಲ್ಲ.

ನಮ್ಮ ಯಜಮಾನರು ಸರ್ಕಾರಿ ನೌಕರಿಯಲ್ಲಿದ್ದು ನಿವೃತ್ತರಾದವರು. ನಮ್ಮಲ್ಲಿ ಮನೆಪೆದ, ಅಂದರೆ ಮನೆತನದ ಹೆಸರು, ಮೊದಲು ಬರುತ್ತದೆ, ಆಮೇಲೆ ಹೆಸರು. ಅವರ ಸರ್ವಿಸ್ ಪುಸ್ತಕದಲ್ಲಿ ಮನೆಪೆದ ಪೂರ್ತಿ ಬರೆದಿತ್ತು. ಬ್ಯಾಂಕ್ ಪುಸ್ತಕದಲ್ಲಿ ಬರೀ ಒಂದು ಅಕ್ಷರ, ಅದೂ ಹೆಸರಿನ ಹಿಂದೆ. ಇಬ್ಬರೂ ಒಬ್ಬರೇ ಅಂತ ತೋರಿಸಲು ನಮಗೆ ಒಂದು ವರ್ಷ ಏಳು ತಿಂಗಳು ಹಿಡಿಯಿತು. ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಮೊದಲಿನದಕ್ಕೆ. ಪ್ರತಿ ಸಲ ಬೆಳಗ್ಗೆ ಆರೂವರೆ ಬಸ್ಸು. ಅವರು ಕೊಡೆಯನ್ನು ಟೇಬಲ್ಲಿನ ಕೆಳಗೆ ಇಡುತ್ತಿರಲಿಲ್ಲ, ನೆಲ ಒದ್ದೆಯಾದರೆ ಆ ಕ್ಲರ್ಕಿಗೆ ಕೋಪ ಬರಬಹುದು ಅಂತ. ಹೊರಗೆ ಜಗಲಿಯಲ್ಲಿ ಇಟ್ಟು ಬಂದು ನಿಲ್ಲುತ್ತಿದ್ದರು. ಒಂದು ದಿನ ಆ ಕೊಡೆಯೂ ಕಾಣೆಯಾಯಿತು. ನೆನೆದುಕೊಂಡು ಮನೆಗೆ ಬಂದರು. ಆಗಲೂ ಕಚೇರಿಯವರ ಮೇಲೆ ಒಂದು ಮಾತು ಆಡಲಿಲ್ಲ. 'ಅವರಿಗೂ ಕೆಲಸ ಜಾಸ್ತಿ' ಅಂದರು.

ತಬರ ಯಾಕೆ ತಿರುಗಿ ಬೀಳುವುದಿಲ್ಲ ಅಂತ ಕೇಳುತ್ತೀಯಲ್ಲ, ಅವನೂ ಅದೇ ಸರ್ಕಾರದ ಆಳು ಕಣಪ್ಪಾ. ಬ್ರಿಟಿಷರ ಕಾಲದಿಂದ ಚಾಕರಿ ಮಾಡಿಕೊಂಡು ಬಂದವನು. ಸರ್ಕಾರ ಕೈ ಬಿಡುವುದಿಲ್ಲ ಅಂತ ಊರಿಗೆಲ್ಲ ಹೇಳುತ್ತಿದ್ದವನು. ಅಂಥವನು ತಿರುಗಿ ಬೀಳಬೇಕಾದರೆ ತನ್ನ ಇಡೀ ಜನ್ಮ ಸುಳ್ಳು ಅಂತ ಮೊದಲು ಒಪ್ಪಿಕೊಳ್ಳಬೇಕು. ಕಟುಕನ ಹತ್ತಿರ ಹೋಗಿ ಹೆಂಡತಿಯ ಕಾಲು ಕತ್ತರಿಸಿ ಕೊಡು ಅಂತ ಬೇಡುತ್ತಾನಲ್ಲ, ಅದನ್ನು ನೋಡುವಾಗ ನನ್ನ ಯಜಮಾನರು ಎದ್ದು ಅಡುಗೆ ಮನೆಗೆ ಹೋದರು. ನೀರು ಕುಡಿಯಲು ಅಂದರು. ಹತ್ತು ನಿಮಿಷ ಬರಲಿಲ್ಲ.

ಕುಶಾಲನಗರ 97

ಅಕ್ಕ, ಇದನ್ನು ಓದಿ ಸುಮ್ನೆ ಕೂತಿದ್ದೆ. ಅವನೂ ಸರ್ಕಾರದ ಆಳು ಅನ್ನುವುದನ್ನು ನಾನು ಗಮನಿಸಿಯೇ ಇರಲಿಲ್ಲ. ಇನ್ನೊಂದು ಸಲ ನೋಡುತ್ತೇನೆ. ಕಷ್ಟ ಪೇರಿಸಿದ್ದಾರೆ ಅನ್ನುವ ಮಾತನ್ನು ಅಲ್ಲಿಯವರೆಗೆ ವಾಪಸ್ ತೆಗೆದುಕೊಳ್ಳುವುದಿಲ್ಲ.

ಬಾಳೆಲೆ ಕಾಫಿ

ತೇಜಸ್ವಿ ಕಥೆ ಓದಿ ಆಮೇಲೆ ಸಿನಿಮಾ ನೋಡಿ ಎಲ್ಲರೂ. ಕಥೆಯಲ್ಲಿ ನಗು ಇದೆ. ನಿರ್ದೇಶಕ ಕಾಸರವಳ್ಳಿ ಆ ನಗುವನ್ನು ಕಮ್ಮಿ ಮಾಡಿದರು ಅನ್ನುವುದು ನನ್ನ ಹಳೇ ತಕರಾರು.

ವಿರಾಜಪೇಟೆ ಮೇಷ್ಟ್ರು

ಅದು ತಕರಾರು ಅಲ್ಲ, ಎರಡು ಬೇರೆ ಮಾಧ್ಯಮದ ವ್ಯತ್ಯಾಸ. ತೇಜಸ್ವಿ ಬರೆದ ವಾಕ್ಯವನ್ನು ಓದುವಾಗ ತಬರನ ಮುಖ ನಮ್ಮ ಕಣ್ಣ ಮುಂದೆ ಇರುವುದಿಲ್ಲ, ಹಾಗಾಗಿ ನಗಬಹುದು. ಪರದೆ ಮೇಲೆ ಚಾರುಹಾಸನ್ ಮುಖ ಇರುವಾಗ ನಗು ಎಲ್ಲಿಂದ ಬರುತ್ತದೆ?

ಸುಂಟಿಕೊಪ್ಪ ಹುಡುಗಿ

ಯಾರೂ ಪುಟ್ಟಣ್ಣ ಕಣಗಾಲ್ ವಿಷಯ ಎತ್ತಲಿಲ್ಲ, ರೈಟರಣ್ಣನ ಪಟ್ಟಿಯಲ್ಲಿ 'ಮಾನಸ ಸರೋವರ' ಇದೆ. ದಯವಿಟ್ಟು ಅದನ್ನು ಹಾಕಬೇಡಿ. ಶ್ರೀನಾಥ್ ಅಭಿನಯ ಚೆನ್ನಾಗಿದೆ, ಹಾಡುಗಳು ಚೆನ್ನಾಗಿವೆ, ಸಂಡೂರಿನ ಬೆಟ್ಟಗಳು ಚೆನ್ನಾಗಿವೆ. ಎಲ್ಲ ಒಪ್ಪಿದೆ. ಆದರೆ ಕಥೆ ಏನು ಹೇಳುತ್ತದೆ ನೋಡಿ. ಒಬ್ಬ ಮನೋವೈದ್ಯ. ಅವನ ಹತ್ತಿರ ಚಿಕಿತ್ಸೆಗೆ ಬಂದ ಹುಡುಗಿಯನ್ನು ಗುಣ ಮಾಡುತ್ತಾನೆ, ಆಮೇಲೆ ಅವಳನ್ನೇ ಪ್ರೀತಿಸುತ್ತಾನೆ. ಅವಳು ಬೇರೆಯವನನ್ನು ಇಷ್ಟಪಡುತ್ತಾಳೆ. ಇವನಿಗೆ ಹುಚ್ಚು ಹಿಡಿಯುತ್ತದೆ. ಇದರಲ್ಲಿ ಆ ಹುಡುಗಿಯ ತಪ್ಪೇನು? ಸಾಕಿದ ಗಿಣಿಯೇ ಹದ್ದಾಯಿತು ಅಂತ ಅವಳ ಮೇಲೇ ಹಾಡು. ವೈದ್ಯ ಗುಣ ಮಾಡಿದ ಅಂತ ರೋಗಿ ಅವನ ಸಾಕಿದ ಗಿಣಿ ಆಗುತ್ತಾಳಾ? ನಾನು ನರ್ಸಿಂಗ್ ಓದಿದವಳು. ಈ ಹಾಡು ಕೇಳಿದಾಗೆಲ್ಲ ಕಿರಿಕಿರಿ ಆಗುತ್ತದೆ.

ಸಂಪಾಜೆ ಘಾಟಿ

ಎಂತ ಮಾರಾಯ್ತಿ, ಆ ಹಾಡು ಕೇಳಿ ಅಳದವರು ಇಲ್ಲ! ಪ್ರೀತಿಸಿದವನ ನೋವು ಅದು. ಪ್ರತಿಯೊಂದಕ್ಕೂ ಸರಿ ತಪ್ಪು ಅಳೆದರೆ ಸಿನಿಮಾ ನೋಡುವುದು ಹೇಗೆ?

ಸುಂಟಿಕೊಪ್ಪ ಹುಡುಗಿ

ಅಳಿ ಅಣ್ಣ, ಬೇಡ ಅನ್ನಲಿಲ್ಲ. ನನಗೆ ಬೇಜಾರು ಯಾಕೆ ಅಂದರೆ, ಇದೇ ಪುಟ್ಟಣ್ಣ 1971ರಲ್ಲಿ 'ಶರಪಂಜರ' ಮಾಡಿದ್ದರು. ಅದರಲ್ಲೂ ಮನೋರೋಗವೇ ವಿಷಯ. ಅಲ್ಲಿ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಗಂಡ, ನೆಂಟರು, ಅಕ್ಕಪಕ್ಕದವರು ಹೇಗೆ ಮತ್ತೆ ಹುಚ್ಚಿಗೆ ತಳ್ಳುತ್ತಾರೆ ಅಂತ ತೋರಿಸಿದರು. ಕ್ಯಾಮೆರಾ ಅವಳ ಪಕ್ಕ ನಿಂತಿತ್ತು. ಹನ್ನೊಂದು ವರ್ಷದ ಮೇಲೆ 'ಮಾನಸ ಸರೋವರ'ಕ್ಕೆ ಬರುವಾಗ ಅದೇ ಕ್ಯಾಮೆರಾ ವೈದ್ಯನ ಪಕ್ಕ ಹೋಗಿ ನಿಂತಿದೆ. ಅಷ್ಟು ಮುಂದೆ ಹೋಗಿದ್ದವರು ಯಾಕೆ ಹಿಂದೆ ಬಂದರು? ಇದು ನನ್ನ ಪ್ರಶ್ನೆ.

ವಿರಾಜಪೇಟೆ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ನನ್ನ ಅನಿಸಿಕೆ ಹೇಳುತ್ತೇನೆ. 'ಶರಪಂಜರ'ದ ಹಿಂದೆ ತ್ರಿವೇಣಿ ಅವರ ಕಾದಂಬರಿ ಇತ್ತು. ಹೆಣ್ಣಿನ ಒಳಗಿನಿಂದ ಬರೆದ ಕಥೆ. ಪುಟ್ಟಣ್ಣ ಅದನ್ನು ಪೂರ್ತಿ ನಂಬಿದರು. 'ಮಾನಸ ಸರೋವರ'ದಲ್ಲಿ ಅಂಥ ಕೈ ಹಿಡಿಯುವವರು ಇರಲಿಲ್ಲ. ಆದರೂ 'ರಂಗನಾಯಕಿ' ಮರೆಯಬೇಡಿ, 1981. ಆರತಿ ಅವರಿಂದ ಆ ಮಟ್ಟದ ಅಭಿನಯ ತೆಗೆಸಿದವರು ಬೇರೆ ಯಾರಿದ್ದಾರೆ? 1985ರಲ್ಲಿ ತೀರಿಕೊಳ್ಳುವವರೆಗೂ ಕೆಲಸ ಬಿಡಲಿಲ್ಲ. 'ಮಸಣದ ಹೂವು' ಅರ್ಧದಲ್ಲಿ ಉಳಿದು ಕೆ.ಎಸ್.ಎಲ್. ಸ್ವಾಮಿ ಮುಗಿಸಿದರು.

ಬಾಳೆಲೆ ಕಾಫಿ

'ಶರಪಂಜರ' ಅಂದಾಗ ನೆನಪಾಯಿತು. ಕೊಡಗಿನ ಕಾವೇರಿ ಹಾಡಿನಲ್ಲಿ ಕಾಣುವ ಕಿತ್ತಳೆ ಈಗ ಎಲ್ಲಿ ಹೋಯಿತು? ನಮ್ಮ ತೋಟದಲ್ಲಿ ಕಾಫಿ ಮಧ್ಯೆ ಸಾಲಾಗಿ ಕಿತ್ತಳೆ ಇತ್ತು. ಸಿಪ್ಪೆ ಸಡಿಲ, ಕೈಯಲ್ಲಿ ಹಿಡಿದರೆ ತಾನೇ ಬಿಟ್ಟುಕೊಳ್ಳುತ್ತಿತ್ತು. ರೋಗ ಬಂದು ಎಲ್ಲ ಒಣಗಿತು. ನಮ್ಮಪ್ಪ ಆ ಜಾಗಕ್ಕೆ ಕರಿಮೆಣಸು ಹಬ್ಬಿಸಿದರು. ಈಗ ಆ ಹಾಡು ಬಂದರೆ ನಾನು ಕಲ್ಪನಾ ಕಡೆ ನೋಡುವುದೇ ಇಲ್ಲ, ಹಿಂದಿನ ಮರ ನೋಡುತ್ತೇನೆ.

ಸಂಪಾಜೆ ಘಾಟಿ

ನಮ್ಮಲ್ಲಿ ಎರಡು ಮರ ಉಂಟು ಇನ್ನೂ. ಹಣ್ಣು ಸಣ್ಣ, ಆದರೆ ಅದೇ ರುಚಿ.

ಶ್ರೀಮಂಗಲ ರೈಟರ್

ಕಿತ್ತಳೆಗೆ ಬೇರೆ ದಿನ ಕೂರೋಣ, ಅದೂ ನನಗೆ ಬೇಕಾದ ವಿಷಯವೇ. ಈಗ ಸಿನಿಮಾ ಹೇಳಿ. ಪುಟ್ಟಣ್ಣನವರದ್ದು ಬಿಟ್ಟೆ, ಸುಂಟಿಕೊಪ್ಪದ ತಂಗಿ ಹೇಳಿದ್ದು ನನಗೆ ಸರಿ ಅನ್ನಿಸಿತು.

ನಾಪೋಕ್ಲು ಫೌಜಿ

ಕೊಡಗಿನಲ್ಲಿ ಸಿನಿಮಾ ಹಾಕುತ್ತೀರಿ, 'ಮುತ್ತಿನ ಹಾರ'ದ ಹೆಸರು ಒಬ್ಬರೂ ಹೇಳಿಲ್ಲ. ಇದು ನ್ಯಾಯವಾ? ವಿಷ್ಣುವರ್ಧನ್, ಸುಹಾಸಿನಿ, ರಾಜೇಂದ್ರ ಸಿಂಗ್ ಬಾಬು. ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂದದ್ದು ಅದಕ್ಕೆ. ನಮ್ಮ ಜನರ ಕಥೆ, ನಮ್ಮ ಉಡುಪು, ನಮ್ಮ ಫೌಜು.

ಕುಶಾಲನಗರ 97

ಫೌಜಿ ಅಣ್ಣ, ಅದು 1990. ಎಂಬತ್ತರ ದಶಕ ಅಲ್ಲ.

ನಾಪೋಕ್ಲು ಫೌಜಿ

ದಶಕ 1981ರಿಂದ ಶುರು, 1990ಕ್ಕೆ ಮುಗಿಯುತ್ತದೆ. ಸೊನ್ನೆಯಿಂದ ಯಾರೂ ಎಣಿಸುವುದಿಲ್ಲ. ಒಂದರಿಂದ ಹತ್ತು.

ಕುಶಾಲನಗರ 97

ಹಾಗಾದರೆ 1980ರ 'ಮಿಂಚಿನ ಓಟ' ಎಪ್ಪತ್ತರ ದಶಕಕ್ಕೆ ಹೋಗುತ್ತದೆ. ಶನಿವಾರಸಂತೆಯವರನ್ನು ಒಪ್ಪಿಸಿ ನೋಡೋಣ.

ಶನಿವಾರಸಂತೆ ಶಂಕರ್ ಅಭಿಮಾನಿ

ಖಂಡಿತ ಒಪ್ಪುವುದಿಲ್ಲ! ಶಂಕರ್ ನಾಗ್ ನಿರ್ದೇಶನ ಮಾಡಿದ ಮೊದಲ ಸಿನಿಮಾ ಅದು. ಎಂಬತ್ತರ ದಶಕ ಶುರುವಾದದ್ದೇ ಅದರಿಂದ. ಎಂಬತ್ತರಿಂದ ತೊಂಬತ್ತರವರೆಗೆ ಅಂತ ಇಟ್ಟುಕೊಳ್ಳಿ, ಎರಡೂ ಒಳಗೆ ಬರಲಿ. ಆ ಮನುಷ್ಯ ಇದ್ದದ್ದೇ ಅಷ್ಟು ದಿನ. 1990ರ ಸೆಪ್ಟೆಂಬರ್ 30ಕ್ಕೆ ದಾವಣಗೆರೆ ಹತ್ತಿರ ರಸ್ತೆಯಲ್ಲಿ ಹೋದರು, ಮೂವತ್ತೈದು ವರ್ಷ. 'ಮಿಂಚಿನ ಓಟ', 'ಗೀತಾ', 'ಆಕ್ಸಿಡೆಂಟ್', ಆಗುಂಬೆಯಲ್ಲಿ ಕೂತು 'ಮಾಲ್ಗುಡಿ ಡೇಸ್', ನಡುವೆ ಬೇರೆಯವರ ಎಷ್ಟೋ ಸಿನಿಮಾದಲ್ಲಿ ನಟನೆ. ಹತ್ತು ವರ್ಷದಲ್ಲಿ ಒಬ್ಬ ಮನುಷ್ಯ ಇಷ್ಟು ಮಾಡಬಹುದಾ ಅಂತ ಈಗಲೂ ಯೋಚಿಸುತ್ತೇನೆ.

ಸುಂಟಿಕೊಪ್ಪ ಹುಡುಗಿ

ಫೌಜಿ ಅಣ್ಣ, 'ಮುತ್ತಿನ ಹಾರ' ನನಗೂ ಇಷ್ಟ. ಆದರೆ ನಮ್ಮ ಜನರ ಕಥೆ ಅಂದರೆ ಯಾವಾಗಲೂ ಕೋವಿ ಮತ್ತು ಫೌಜು ಮಾತ್ರವಾ? ಕೊಡಗಿನಲ್ಲಿ ಯರವರು, ಕುಡಿಯರಂಥ ಆದಿವಾಸಿಗಳಿದ್ದಾರೆ, ತೋಟದಲ್ಲಿ ಕಾಫಿ ಕುಯ್ಯುವವರಿದ್ದಾರೆ. ಅವರ ಕಥೆ ಆ ಹತ್ತು ವರ್ಷದಲ್ಲಿ ದೊಡ್ಡ ಪರದೆಗೆ ಬರಲಿಲ್ಲ.

ನಾಪೋಕ್ಲು ಫೌಜಿ

ಬರಬೇಕಿತ್ತು, ಒಪ್ಪುತ್ತೇನೆ. ಆದರೆ ಇದ್ದದ್ದನ್ನು ಕಮ್ಮಿ ಮಾಡಬೇಡ ಮಗಳೇ.

ನಾನು ರಜೆಯಲ್ಲಿ ಬಂದಿದ್ದಾಗ ಅವ್ವನನ್ನು ಕರೆದುಕೊಂಡು ಮಡಿಕೇರಿಗೆ ಹೋಗಿ ಆ ಸಿನಿಮಾ ನೋಡಿದೆ. ಅವ್ವ ಅದಕ್ಕೂ ಮುಂಚೆ ಟಾಕೀಸಿಗೆ ಹೋದದ್ದು ಎರಡೇ ಸಲ. ಗುಂಡು ಹಾರುವ ಸೀನು ಬಂದಾಗೆಲ್ಲ ಅವರು ಪರದೆ ನೋಡುತ್ತಿರಲಿಲ್ಲ. ಕತ್ತಲಲ್ಲಿ ನನ್ನ ಕಡೆ ತಿರುಗಿ ನನ್ನನ್ನೇ ನೋಡುತ್ತಿದ್ದರು. ನನ್ನ ಮಣಿಕಟ್ಟು ಹಿಡಿದದ್ದು ಕೊನೆಯವರೆಗೂ ಬಿಡಲಿಲ್ಲ. ಹೊರಗೆ ಬಂದ ಮೇಲೆ ಕೇಳಿದ್ದು ಒಂದೇ ಮಾತು, 'ನಿಮಗೆ ಅಲ್ಲಿ ಸ್ವೆಟರ್ ಕೊಡುತ್ತಾರಾ?' ಅಂತ. ಮೂರು ವಾರದ ಮೇಲೆ ನಾನು ವಾಪಸ್ ಹೊರಟಾಗ ಪೆಟ್ಟಿಗೆಯಲ್ಲಿ ಎರಡು ಸ್ವೆಟರ್ ಇತ್ತು. ಕೈಯಲ್ಲಿ ಹೆಣೆದದ್ದು. ಒಂದು ಇನ್ನೂ ಇದೆ.

ಈ ಸಿನಿಮಾದಲ್ಲಿ ತಪ್ಪುಗಳಿರಬಹುದು. ನನಗೆ ಕಾಣಿಸುವುದಿಲ್ಲ.

ಹುದಿಕೇರಿ ಅಕ್ಕ

ಎಂಥ ಮಾತು ಬರೆದಿರಿ ಅಣ್ಣ.

ಆಪರೇಟರ್ ಮಾಮ

ತಡವಾಗಿ ಬಂದೆ, ಎಲ್ಲ ಓದಿದೆ. ನಾನು 1982ರಿಂದ 1994ರವರೆಗೆ ದಕ್ಷಿಣ ಕೊಡಗಿನ ಒಂದು ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿದವನು. ನೀವೆಲ್ಲ ಕಥೆ, ಅಭಿನಯ, ಪ್ರಶಸ್ತಿ ಅನ್ನುತ್ತಿದ್ದೀರಿ. ಒಂದು ಮುಖ್ಯ ವಿಷಯ ಯಾರೂ ಕೇಳಲಿಲ್ಲ. ರೈಟರಣ್ಣ, ನಿಮ್ಮ ಹಾಲ್‌ಗೆ ಹೆಂಚೋ ಶೀಟೋ?

ಶ್ರೀಮಂಗಲ ರೈಟರ್

ಶೀಟು ಮಾಮ. ತಗಡಿನ ಶೀಟು. ಯಾಕೆ?

ಆಪರೇಟರ್ ಮಾಮ

ಹಾಗಾದರೆ 'ಆಕ್ಸಿಡೆಂಟ್' ಆಗುವುದಿಲ್ಲ, 'ತಬರನ ಕಥೆ'ಯಂತೂ ಖಂಡಿತ ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅಂತ ಹೇಳುತ್ತೇನೆ.

ನಮ್ಮ ಟಾಕೀಸಿಗೂ ಶೀಟೇ ಇತ್ತು. ಜೂನ್ ಮೂರನೇ ವಾರದಿಂದ ಆಗಸ್ಟ್ ಕೊನೆಯವರೆಗೆ ಒಳಗೆ ಕೂತವರಿಗೆ ಕೇಳುತ್ತಿದ್ದದ್ದು ಮಳೆ ಮಾತ್ರ. ಆಂಪ್ಲಿಫೈಯರ್ ಪೂರ್ತಿ ತಿರುಗಿಸಿದರೂ ಮಾತು ಒಡೆದುಹೋಗುತ್ತಿತ್ತು. ಫೈಟ್ ಇರುವ ಸಿನಿಮಾ ಹೇಗೋ ಓಡುತ್ತಿತ್ತು. ಹಾಡು ಜನರಿಗೆ ಮೊದಲೇ ಬಾಯಿಪಾಠ, ಹಾಗಾಗಿ ತೊಂದರೆ ಇಲ್ಲ. ಮೆಲ್ಲಗೆ ಮಾತಾಡುವ ಸಿನಿಮಾಗಳು ಸತ್ತುಹೋಗುತ್ತಿದ್ದವು. 'ಆಕ್ಸಿಡೆಂಟ್' ನಮ್ಮಲ್ಲಿ ಮಳೆಗಾಲದಲ್ಲಿ ಬಂತು. ಅದರ ಜೀವ ಇರುವುದೇ ಸದ್ದಿಲ್ಲದ ಜಾಗಗಳಲ್ಲಿ, ಇಳಯರಾಜ ಸಂಗೀತ ನಿಲ್ಲಿಸುವಲ್ಲಿ. ನಮ್ಮ ಜನರಿಗೆ ಅದು ಕೇಳಿಸಲೇ ಇಲ್ಲ. ನಾಲ್ಕು ದಿನಕ್ಕೆ ಎತ್ತಿದರು. ಸಿನಿಮಾ ಚೆನ್ನಾಗಿಲ್ಲ ಅಂತ ಊರಲ್ಲಿ ಮಾತಾಯಿತು. ನನಗೆ ಈಗಲೂ ಆ ಸಿನಿಮಾದ ಹತ್ತಿರ ಕ್ಷಮೆ ಕೇಳಬೇಕು ಅನ್ನಿಸುತ್ತದೆ.

ಮತ್ತೆ ರೀಲಿನ ಕಷ್ಟ. ಸಾವಿರ ಅಡಿ ರೀಲು ಅಂದರೆ ಸುಮಾರು 11 ನಿಮಿಷ. ಎರಡು ಊರಿಗೆ ಒಂದೇ ಪ್ರಿಂಟು ಇದ್ದಾಗ ಅಲ್ಲಿ ಮುಗಿದ ಡಬ್ಬ ಇಲ್ಲಿಗೆ ಜೀಪಲ್ಲಿ ಬರಬೇಕು. ಮರ ಬಿದ್ದರೆ ಜೀಪು ಇಲ್ಲ. ಜನ ಕೂತೇ ಇರುತ್ತಿದ್ದರು, ನಾನು ಸ್ಲೈಡು ಹಾಕುತ್ತಿದ್ದೆ. ಒಂಬತ್ತರ ಕೊನೆ ಬಸ್ಸು ಹಿಡಿಯಬೇಕಾದವರು ಎದ್ದು ಹೋಗುತ್ತಿದ್ದರು, ಹೋಗುವಾಗ ಮೇಲೆ ನನ್ನ ಕಿಂಡಿ ಕಡೆ ನೋಡಿ 'ಕೊನೆಗೆ ಏನಾಗುತ್ತದೆ?' ಅಂತ ಕೂಗಿ ಕೇಳುತ್ತಿದ್ದರು. ನಾನು ಕಿಂಡಿಯಿಂದಲೇ ಕಥೆ ಹೇಳಿದ್ದೇನೆ ಎಷ್ಟೋ ಸಲ.

ಇಡೀ ಹನ್ನೆರಡು ವರ್ಷದಲ್ಲಿ ಮಳೆಗಾಲದಲ್ಲಿ ಒಂದು ಮಾತೂ ಕಳೆದುಹೋಗದೆ ಓಡಿದ ಸಿನಿಮಾ ಒಂದೇ. 'ಪುಷ್ಪಕ ವಿಮಾನ'. ಮಾತೇ ಇಲ್ಲವಲ್ಲ! ಹೊರಗೆ ಜುಲೈ ಮಳೆ ಬಡಿಯುತ್ತಿತ್ತು, ಒಳಗೆ ಜನ ಒಟ್ಟಿಗೆ ನಗುತ್ತಿದ್ದರು. ಮಳೆಯ ಮೇಲೆ ನಗು ಕೇಳಿಸಿದ್ದು ಅದೇ ಮೊದಲು.

ಶ್ರೀಮಂಗಲ ರೈಟರ್

ಮಾಮ! ಇದು ನನ್ನ ತಲೆಗೇ ಬಂದಿರಲಿಲ್ಲ. ಹೋದ ವರ್ಷ ಅದೇ ಹಾಲ್‌ನಲ್ಲಿ ಒಂದು ಮದುವೆ ಮಾತುಕತೆ ಆಯಿತು. ಮಳೆಗೆ ಹೆಣ್ಣಿನ ಕಡೆಯವರು ಏನು ಹೇಳಿದರು ಅಂತ ನಮಗೆ ಆಮೇಲೆ ಫೋನಿನಲ್ಲಿ ಕೇಳಿ ತಿಳಿದುಕೊಳ್ಳಬೇಕಾಯಿತು.

ಸಂಪಾಜೆ ಘಾಟಿ

'ಪುಷ್ಪಕ ವಿಮಾನ' ಕನ್ನಡ ಸಿನಿಮಾ ಹೇಗಾಗುತ್ತದೆ? ಕಮಲ್ ಹಾಸನ್ ತಮಿಳು, ನಿರ್ದೇಶಕ ಸಿಂಗೀತಂ ತೆಲುಗು.

ವಿರಾಜಪೇಟೆ ಮೇಷ್ಟ್ರು

ಆಗುತ್ತದೆ. ನಿರ್ಮಾಣದಲ್ಲಿ ನಮ್ಮ ಶೃಂಗಾರ್ ನಾಗರಾಜ್ ಇದ್ದರು, ಚಿತ್ರೀಕರಣ ಬೆಂಗಳೂರಿನಲ್ಲಿ. 1987ರಲ್ಲಿ ಇಲ್ಲಿ 'ಪುಷ್ಪಕ ವಿಮಾನ' ಅಂತ ಬಂತು, ತಮಿಳಿನಲ್ಲಿ 'ಪೇಸುಂ ಪಡಂ' ಅಂತ. ಒಳ್ಳೆಯ ಮನರಂಜನೆಯ ಜನಪ್ರಿಯ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಇದೆ, ಪ್ರಶಸ್ತಿ ಬೇಕು ಅನ್ನುವವರಿಗೆ. ಮಾತಿಲ್ಲದ ಸಿನಿಮಾಕ್ಕೆ ಭಾಷೆ ಯಾವುದು ಅಂತ ಜಗಳ ಆಡುವುದಾದರೆ, ಅದರಲ್ಲಿ ಕಾಣುವ ಬೀದಿ, ಸಾಲು, ಕೆಲಸ ಹುಡುಕುವ ಹುಡುಗ, ಎಲ್ಲ ನಮ್ಮ ಬೆಂಗಳೂರಿನದ್ದೇ.

ಕುಶಾಲನಗರ 97

ನನ್ನದು ಪೂರ್ತಿ ಬೆಂಬಲ. ಅದರಲ್ಲಿ ಒಂದು ಸೀನು ನನಗೆ ತುಂಬಾ ಇಷ್ಟ. ಕೆಲಸವಿಲ್ಲದ ಹುಡುಗ ದೊಡ್ಡ ಹೋಟೆಲಿನ ರೂಮಿಗೆ ಬರುತ್ತಾನೆ. ಮೆತ್ತನೆ ಹಾಸಿಗೆ, ಎಸಿ, ಎಲ್ಲ ಇದೆ, ಆದರೆ ನಿದ್ದೆ ಬರುವುದಿಲ್ಲ. ಅವನ ಹಳೇ ಕೋಣೆಯ ಗಲಾಟೆ ಇಲ್ಲವಲ್ಲ. ಕೊನೆಗೆ ವಾಪಸ್ ಹೋಗಿ ಅಲ್ಲಿನ ಸದ್ದನ್ನೆಲ್ಲ ಟೇಪಿನಲ್ಲಿ ಹಿಡಿದುಕೊಂಡು ಬಂದು, ಅದನ್ನು ಹಾಕಿಕೊಂಡು ಮಲಗುತ್ತಾನೆ. ನಾನು ಮೊದಲ ಸಲ ಬೆಂಗಳೂರಿಗೆ ಕೆಲಸಕ್ಕೆ ಹೋದಾಗ ಜುಲೈ ತಿಂಗಳು. ಪಿಜಿಯಲ್ಲಿ ಮಳೆ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ. ಅಮ್ಮನಿಗೆ ಹೇಳಿ ಮನೆಯ ಅಂಗಳದ ಮಳೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಸಿ ತರಿಸಿಕೊಂಡೆ. ಆ ಸಿನಿಮಾವನ್ನು ಆಗ ಇನ್ನೂ ನೋಡಿರಲಿಲ್ಲ. ಆಮೇಲೆ ನೋಡಿದಾಗ ಕೂತಲ್ಲೇ ಮೈ ಜುಂ ಅಂದಿತು.

ಸುಂಟಿಕೊಪ್ಪ ಹುಡುಗಿ

ಇನ್ನೊಂದು ಲಾಭ ಇದೆ. ಲೈನ್ ಮನೆಯಲ್ಲಿ ಈಗ ಅಸ್ಸಾಮಿನಿಂದ ಬಂದವರು ಎಷ್ಟು ಜನ ಇದ್ದಾರೆ ರೈಟರಣ್ಣ? ಅವರಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ. 'ತಬರನ ಕಥೆ' ಹಾಕಿದರೆ ಅವರು ಎದ್ದು ಹೋಗುತ್ತಾರೆ ಅಂತ ಅಲ್ಲ, ಬರುವುದೇ ಇಲ್ಲ. ಇದಕ್ಕೆ ಬರುತ್ತಾರೆ.

ಶ್ರೀಮಂಗಲ ರೈಟರ್

ನಮ್ಮ ತೋಟ ಒಂದರಲ್ಲೇ ಒಂಬತ್ತು ಕುಟುಂಬ. ಒಳ್ಳೆ ಮಾತು ನೆನಪು ಮಾಡಿದೆ ತಂಗಿ. ನಾಳೆ ಬೆಳಗ್ಗೆ ಹಾಜರಿ ತೆಗೆದುಕೊಳ್ಳುವಾಗ ನಾನೇ ಹೇಳುತ್ತೇನೆ.

ಬಾಳೆಲೆ ಕಾಫಿ

ಮಕ್ಕಳು ಬರುವುದಾದರೆ 'ಬೆಟ್ಟದ ಹೂವು' ಯಾಕೆ ಬೇಡ? ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ, ಅಪ್ಪುಗೆ ಬಾಲನಟ ರಾಷ್ಟ್ರಪ್ರಶಸ್ತಿ. ಬಡ ಹುಡುಗ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕು ಅಂತ ಹತ್ತು ರೂಪಾಯಿ ಕೂಡಿಡುತ್ತಾನೆ. ಕಾಡಲ್ಲಿ ಹೂವು ಹುಡುಕಿ ತಂದುಕೊಟ್ಟು ಕಾಸು ಸೇರಿಸುತ್ತಾನೆ. ನಮ್ಮ ಮಕ್ಕಳಿಗೆ ಮರದ ಮೇಲೆ ಅರಳುವ ಆ ಸೀತಾಳೆ ದಂಡೆ ಹೂವು ಗೊತ್ತು, ಅದು ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮಗ ಆ ಸಿನಿಮಾ ನೋಡಿ ಒಂದು ಡಬ್ಬದಲ್ಲಿ ಚಿಲ್ಲರೆ ಹಾಕಲು ಶುರು ಮಾಡಿದ.

ಆಪರೇಟರ್ ಮಾಮ

ಒಳ್ಳೆ ಸಿನಿಮಾ, ಆದರೆ ಶೀಟಿನ ಕೆಳಗೆ ಬೇಡ. ಆ ಹುಡುಗ ಮನೆಯವರಿಗೋಸ್ಕರ ಪುಸ್ತಕದ ಆಸೆ ಬಿಡುತ್ತಾನಲ್ಲ, ಆಗ ಮಕ್ಕಳಿಗೆ ಪ್ರತಿ ಮಾತೂ ಕೇಳಿಸಬೇಕು.

ಶನಿವಾರಸಂತೆ ಶಂಕರ್ ಅಭಿಮಾನಿ

ಮಾಮ ಹೇಳಿದ ಮೇಲೆ 'ಆಕ್ಸಿಡೆಂಟ್' ಬೇಕು ಅಂತ ಹಠ ಮಾಡಲಾರೆ. ಇನ್ನೊಮ್ಮೆ ಮಳೆಗೆ ಸಿಕ್ಕಿ ಅದು ಹಾಳಾಗುವುದು ಬೇಡ. ಆದರೆ ಬೇಸಿಗೆಯಲ್ಲಿ ಹಾಕಲೇಬೇಕು. ಮತ್ತೆ ಒಳ್ಳೆಯ ಪ್ರಿಂಟು ಸಿಕ್ಕರೆ ಮಾತ್ರ. ನೆಟ್‌ನಲ್ಲಿ ಸಿಗುವುದು ಮಸುಕು ಮಸುಕು, ಮುಖವೇ ಕಾಣುವುದಿಲ್ಲ. 'ಘಟಶ್ರಾದ್ಧ'ವನ್ನು ಹೊಸದಾಗಿ ಶುದ್ಧ ಮಾಡಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದರಲ್ಲ, ಹಾಗೆ ಇದಕ್ಕೂ ಯಾರಾದರೂ ಮಾಡಬೇಕು. ಇಷ್ಟು ಒಳ್ಳೆಯ ಸಿನಿಮಾಗಳನ್ನು ಮಕ್ಕಳಿಗೆ ಮಬ್ಬಾಗಿ ತೋರಿಸಿ, ಆಮೇಲೆ ಅವರಿಗೆ ಇಷ್ಟವಾಗಲಿಲ್ಲ ಅಂತ ಬೈಯುವುದು ಸರಿಯಲ್ಲ.

ಹುದಿಕೇರಿ ಅಕ್ಕ

ಎಲ್ಲ ಸರಿ. 'ಪುಷ್ಪಕ ವಿಮಾನ'ವೇ ಹಾಕಿ, ನನಗೂ ಸಂತೋಷ. ಆದರೆ ತಬರನನ್ನು ಮತ್ತೆ ಮುಂದಿನ ಸಲಕ್ಕೆ ತಳ್ಳುತ್ತಿದ್ದೀರಿ ಅಂತ ಮನಸ್ಸಿಗೆ ಕಷ್ಟ ಆಗುತ್ತಿದೆ. ಅವನಿಗೆ ಎಲ್ಲರೂ 'ನಾಳೆ ಬಾ' ಅಂತಲೇ ಹೇಳಿದ್ದು.

ನಮ್ಮ ಮನೆಗೆ ಹೆಂಚು, ಕೆಳಗೆ ಮರದ ಹಲಗೆಯ ಅಟ್ಟ. ಮಳೆ ಸದ್ದು ಅಷ್ಟು ಬರುವುದಿಲ್ಲ. ಮುಂದಿನ ಕೈಯಾಲೆ (ಜಗಲಿ), ನಡು ಕೋಣೆ ಸೇರಿದರೆ ಮೂವತ್ತು ಜನ ಕೂರಬಹುದು. ಕಕ್ಕಡ ಹದಿನೆಂಟರ ದಿನ ಹೇಗೂ ಮದ್ದು ಸೊಪ್ಪಿನ ಪಾಯಸ ಮಾಡುತ್ತೇನೆ. ಅವತ್ತು ಸಂಜೆ ಎಲ್ಲರೂ ನಮ್ಮಲ್ಲಿಗೆ ಬನ್ನಿ, 'ತಬರನ ಕಥೆ' ನೋಡೋಣ. ಯಜಮಾನರನ್ನು ಕೇಳಿದೆ. ಈ ಸಲ ಪೂರ್ತಿ ಕೂತು ನೋಡುತ್ತೇನೆ ಅಂದರು.

ಕುಶಾಲನಗರ 97

ಅಕ್ಕ, ನಾನು ಬರುತ್ತೇನೆ. ವಾದ ಮಾಡುವುದಕ್ಕೂ ಬರುತ್ತೇನೆ. ಮದ್ದು ಪಾಯಸ ನಾನು ಇವತ್ತಿನವರೆಗೂ ತಿಂದಿಲ್ಲ.

ಸಂಪಾಜೆ ಘಾಟಿ

ತಿಂದಿಲ್ಲವಾ! ಹದಿನೆಂಟನೇ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಮದ್ದು ಸೇರುತ್ತದೆ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಬಣ್ಣ ನೋಡಿ ಹೆದರಬೇಡ, ನೇರಳೆ ಬಣ್ಣ ಇರುತ್ತದೆ. ಮೇಲೆ ಜೇನು ಹಾಕಿಕೊಂಡು ತಿನ್ನು.

ನಾಪೋಕ್ಲು ಫೌಜಿ

ಜೇನು ನಾನು ತರುತ್ತೇನೆ. ಹುದಿಕೇರಿ ದೂರ ಆದರೂ ಬರುತ್ತೇನೆ. 'ಮುತ್ತಿನ ಹಾರ' ಹುತ್ತರಿ ಹಬ್ಬ ಕಳೆದ ಮೇಲೆ ಅಂತ ಈಗಲೇ ಬರೆದಿಟ್ಟುಕೊಳ್ಳಿ.

ಶ್ರೀಮಂಗಲ ರೈಟರ್

ಬರೆದುಕೊಂಡೆ ಅಣ್ಣ. ಶನಿವಾರ ಸಂಜೆ ಆರಕ್ಕೆ ಹಾಲ್‌ನಲ್ಲಿ 'ಪುಷ್ಪಕ ವಿಮಾನ'. ಕಕ್ಕಡ ಹದಿನೆಂಟಕ್ಕೆ ಅಕ್ಕನ ಮನೆಯಲ್ಲಿ 'ತಬರನ ಕಥೆ'. ಹುತ್ತರಿ ಕಳೆದ ಮೇಲೆ, ಕಾಫಿ ಕುಯ್ಲು ಜೋರಾಗುವ ಮುಂಚೆ 'ಮುತ್ತಿನ ಹಾರ'. ಬೇಸಿಗೆಗೆ 'ಆಕ್ಸಿಡೆಂಟ್'.

ಮಾಮ, ಶನಿವಾರ ನೀವೇ ಪ್ರೊಜೆಕ್ಟರ್ ಹತ್ತಿರ ಕೂರಬೇಕು. ಜೀಪು ಕಳಿಸುತ್ತೇನೆ.

ಆಪರೇಟರ್ ಮಾಮ

ನಾಲ್ಕು ಗಂಟೆಗೇ ಕಳಿಸಿ. ಪಂಚೆ ಒದ್ದೆಯಾಗಿದ್ದರೆ ಒಲೆ ಮೇಲೆ ಹಿಡಿದು ಒಣಗಿಸಬೇಕು.